ಟೆಸ್ಸಾಳ ಹೆಸರಿಗೆ

ಇನ್ನೂ ಎಷ್ಟು ದಿನ ಕಾಯಬೇಕು ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಗೆರಿಟ್ ಹೆಸ್ಸಲಿಂಕನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಯಿತು. ಷೇರುಗಳನ್ನು ಈಗಲೇ ಮೊಮ್ಮಗಳು ಟೆಸ್ಸಾಳ ಹೆಸರಿಗೆ ಮಾಡಬೇಡ, ಸ್ವಲ್ಪ ಕಾಯೋಣ, ಅವಸರವೇನಿದೆ ಎಂದು ಹೇಳಿದವನು ಅವನೇ. ಹೇಳುವಾಗ ಅದು ನಾಲ್ಕು ಜನ ತಿಳಿದವರು ಆಡುವ ಮಾತಿನ ಹಾಗೇ ಇತ್ತು. ಎಷ್ಟು ದಿನ ಎಂದು ಅವಳು ಕೇಳಿದ್ದೇ ತಡ, ಆ ಮಾತಿನ ಹೊಟ್ಟೆಯೊಳಗೆ ಇದ್ದದ್ದು ಹೊರಗೆ ಬಿತ್ತು. ಒಲೆಯ ಮೇಲೆ ಡಬ್ಬಿಯಿಂದ ಸುರಿದ ಸೂಪು ಉಕ್ಕುತ್ತಿತ್ತು. ಆರಿಸಲಿಕ್ಕೂ ಅವನಿಗೆ ಕೈ ಏಳಲಿಲ್ಲ. ಏನಾದರೂ ಹೇಳಬೇಕಿತ್ತು. ನೂರು ವರ್ಷ ಬಾಳುತ್ತೀಯ ಅಮ್ಮ ಎಂದು ನಕ್ಕಿದ್ದರೂ ಸಾಕಿತ್ತು, ಸುಳ್ಳಾದರೂ ಮಗನ ಬಾಯಿಗೆ ಒಪ್ಪುವ ಸುಳ್ಳು. ಆ ಕಡೆಯಿಂದ ಅವಳ ಟೀವಿಯಲ್ಲಿ ಯಾರೋ ಬಹುಮಾನ ಗೆದ್ದು ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದರು. ಸರಿ ಬಿಡು, ಗುರುವಾರ ಬಂದು ಷೇರಿನ ಆಫೀಸಿಗೆ ಕರೆದುಕೊಂಡು ಹೋಗು ಎಂದು ಅಮ್ಮ ಫೋನ್ ಇಟ್ಟಿದ್ದಳು.

ಇವತ್ತು ಆ ಗುರುವಾರ. ತಾನು ಲೆಕ್ಕ ಬರೆಯುವ ಶಾಲೆಗಳ ಸಂಬಳದ ವಿಭಾಗದಲ್ಲಿ ಅರ್ಧ ದಿನ ರಜೆ ಹಾಕಿ, ಸರೋವರದ ಕಡೆಯಿಂದ ಬೀಸುವ ಹಸಿ ಗಾಳಿಗೆ ಕಾರು ಓಲಾಡುತ್ತಿರಲು, ಅವನು ಅಮ್ಮ ಇರುವ ಪಕ್ಕದೂರು ಝೀಲ್ಯಾಂಡಿನ ಕಡೆಗೆ ಹೊರಟ. ಹಿಮ ಇನ್ನೂ ಬಿದ್ದಿರಲಿಲ್ಲ. ಬೀಳುತ್ತೇನೆ ಬೀಳುತ್ತೇನೆ ಎಂದು ಎರಡು ವಾರದಿಂದ ಆಕಾಶ ಬೇಸರ ಹಿಡಿಸಿತ್ತು. ಕುತ್ತಿಗೆಯ ಎಡಗಡೆ ನೋವು. ರಾತ್ರಿ ನಿದ್ದೆ ಮಾಡಿದರೂ ಮಾಡದಿದ್ದರೂ ಬೆಳಿಗ್ಗೆ ಒಂದೇ ಸುಸ್ತು. ಹೆಂಡತಿ ರೋಸ್ಲಿನ್ ಬಿಟ್ಟುಹೋದ ಮೇಲೆ ಶುರುವಾದದ್ದು ಎಂದು ಅವನು ಅಂದುಕೊಂಡಿದ್ದ, ಆದರೆ ಅವಳನ್ನು ಕೇಳಿದರೆ ಮದುವೆಯ ದಿನವೂ ನೀನು ಹೀಗೇ ಇದ್ದೆ ಎನ್ನುತ್ತಾಳೆ. ಚರ್ಚಿನವರು ನಡೆಸುವ ವೃದ್ಧರ ವಸತಿಯ ಮುಂಗೋಣೆಯಲ್ಲಿ ಅಮ್ಮ ಆಗಲೇ ಕೋಟು ತೊಟ್ಟು, ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕೂತಿದ್ದಳು. ಅಕ್ಕಪಕ್ಕದಲ್ಲಿ ಅವಳ ಹಾಗೇ ಬಿಳಿತಲೆಯ ಇಬ್ಬರು. ನನ್ನ ಡ್ರೈವರ್ ಬಂದ ಎಂದು ಅವರಿಗೆ ಹೇಳಿ ಎದ್ದಳು. ಆ ಇಬ್ಬರೂ ನಕ್ಕರು. ಅವನೂ ನಕ್ಕ. ಅವಳ ಪಾದ ಊದಿತ್ತು. ಶೂಸಿನ ದಾರ ಕಟ್ಟಿರಲಿಲ್ಲ. ಹೃದಯ ಸೋತಿದೆ, ಔಷಧಿಯಿಂದ ಎಳೆಯುತ್ತಿದ್ದೇವೆ, ಮುಂದಿನ ವಸಂತದ ಟ್ಯುಲಿಪ್ ಹೂವಿನ ಹಬ್ಬ ನೋಡಿದರೆ ನೋಡಿಯಾರು ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು. ಅವನು ಬಗ್ಗಿ ದಾರ ಕಟ್ಟಲು ಹೋದ. ಬೇಡ, ಬಿಗಿಯಾಗುತ್ತದೆ ಎಂದಳು. ಬಗ್ಗಿದವನು ಬಗ್ಗಿದ ಹಾಗೇ ಒಂದು ಕ್ಷಣ ಇದ್ದು, ಕೈಗೆ ಏನಾದರೂ ಕೆಲಸ ಬೇಕಲ್ಲ ಎಂದು ನೆಲದ ಮೇಲಿದ್ದ ಟಿಶ್ಯೂ ಎತ್ತಿಕೊಂಡ.

ಪ್ರತಿ ವಸಂತದಲ್ಲೂ ಅವನು ಊರ ಲೈಬ್ರರಿಯಲ್ಲಿ ಮೇಜು ಹಾಕಿಕೊಂಡು ಮುದುಕ ಮುದುಕಿಯರಿಗೆ ಬಿಟ್ಟಿಯಾಗಿ ತೆರಿಗೆ ಬರೆದುಕೊಡುತ್ತಿದ್ದ. ಅಲ್ಲಿ ಅವನಿಗೆ ಒಂದು ಮರ್ಯಾದೆ ಇತ್ತು. ಗೆರಿಟ್ ಇದ್ದಾನಾ, ಗೆರಿಟ್ ಇದ್ದರೆ ಕಾಯುತ್ತೇನೆ ಎನ್ನುತ್ತಿದ್ದರು. ಮೊಮ್ಮಕ್ಕಳಿಗೆ ಷೇರು ಕೊಡಬೇಕು ಎಂದು ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ: ಬದುಕಿರುವಾಗ ಕೊಟ್ಟರೆ ನೀವು ಕೊಂಡ ಹಳೆಯ ಬೆಲೆಯೂ ಮಗುವಿನ ಬೆನ್ನಿಗೇ ಹೋಗುತ್ತದೆ, ಮುಂದೆ ಅದು ಮಾರಿದ ದಿನ ಅಷ್ಟೂ ವರ್ಷ ಬೆಳೆದ ಲಾಭಕ್ಕೆ ತೆರಿಗೆ, ಇಟ್ಟುಕೊಂಡೇ ಹೋದಿರೋ, ನೀವು ಹೋದ ದಿನದ ಬೆಲೆಯೇ ಕೊಂಡ ಬೆಲೆ ಎಂದಾಗುತ್ತದೆ, ಅಲ್ಲಿಯವರೆಗಿನ ಲಾಭವೆಲ್ಲ ತೊಳೆದುಹೋಗುತ್ತದೆ. ಹೋದ ದಿನ ಎನ್ನುವಾಗ ಕಣ್ಣು ಮಿಟುಕಿಸುತ್ತಿದ್ದ. ಅವರೂ, ಅಂತೂ ಸಾಯುವುದರಿಂದ ಒಂದು ಪ್ರಯೋಜನ ಉಂಟು ಅನ್ನು ಎಂದು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಈ ಊರಿನವರಿಗೆ ಸರ್ಕಾರಕ್ಕೆ ಹೋಗುವ ಕಾಸು ಉಳಿಯಿತೆಂದರೆ ಸ್ವರ್ಗದ ಬಾಗಿಲು ಅರ್ಧ ತೆರೆದಂತೆ. ಅದೇ ಮಾತನ್ನು ಅಮ್ಮನಿಗೆ ಹೇಳಲು ಹೋದರೆ ಯಾಕೆ ಬಾಯಿಂದ ಹೊರಡುವುದಿಲ್ಲ? ಲೆಕ್ಕ ಬದಲಾಗಿಲ್ಲ. ಅದೇ ಕಾನೂನು, ಅದೇ ವಾಕ್ಯ. ಹಾಗಿದ್ದರೆ ಅಷ್ಟು ಜನರ ಅಮ್ಮಂದಿರಿಗೆ ತಾನು ನಗುತ್ತಾ ಹೇಳಿದ್ದಾದರೂ ಏನು ಎಂದು ಯೋಚನೆ ಬಂತು. ಬಂದದ್ದನ್ನು ಅವನು ಮುಂದುವರಿಸಲಿಲ್ಲ. ಸಿಗ್ನಲ್ ಹಸಿರಾಗಿ ಹಿಂದಿನವನು ಹಾರ್ನ್ ಹೊಡೆದ.

ಷೇರುಗಳು ಅಮ್ಮನವೇ. ಕುರ್ಚಿ ಕಾರ್ಖಾನೆಯಲ್ಲಿ ಅವಳು ಸೀಟಿನ ಬಟ್ಟೆ ಹೊಲಿಯುತ್ತಿದ್ದಳು. ಸಂಬಳದಲ್ಲಿ ಒಂದಿಷ್ಟು ಮುರಿದುಕೊಂಡು ಕಂಪನಿಯ ಷೇರು ಕೊಡುವ ಪದ್ಧತಿ ಬಂದಾಗ, ಜೊತೆಯ ಹೆಂಗಸರು ಕಾಗದ ತಿಂದು ಬದುಕೋಕಾಗತ್ತಾ ಎಂದು ಗೇಲಿ ಮಾಡಿದರೂ, ಸೇರಿಬಿಟ್ಟಿದ್ದಳು. ಆಮೇಲೆ ಜಗತ್ತಿನಲ್ಲಿ ಎಲ್ಲರೂ ಆಫೀಸಿನಲ್ಲಿ ಕೂತೇ ಕೆಲಸ ಮಾಡತೊಡಗಿದರು, ಕುರ್ಚಿ ಕಂಪನಿಯ ಷೇರಿನ ಬೆಲೆಯೂ ಏರುತ್ತಾ ಹೋಯಿತು. ಗೆರಿಟ್ ಸಣ್ಣವನಿದ್ದಾಗ ಅವಳು ಸಂಜೆ ಬಂದು ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದ. ತಪ್ಪಿದರೆ ನೀರಿನಿಂದ ಒಂದು ಬೆರಳೆತ್ತುತ್ತಿದ್ದಳು, ಮಾತಿಲ್ಲ. ಆ ಬೆರಳು ಈಗ ಕಾರಿನ ಕಿಟಕಿಯ ಮೇಲೆ ಏನೋ ಗೀಚುತ್ತಿತ್ತು. ಊಟಕ್ಕೇನು ಮಾಡಿಕೊಳ್ಳುತ್ತೀಯ ಎಂದು ಕೇಳಿದಳು. ಸೂಪು ಎಂದ. ನಿನ್ನೆ? ಸೂಪು. ನಿನಗಿಂತ ನಮ್ಮ ವಸತಿಯ ಹಲ್ಲಿಲ್ಲದವರು ಗಟ್ಟಿ ತಿನ್ನುತ್ತಾರೆ ಎಂದಳು. ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ಅವನ ಕಡೆ ಚಾಚಿದಳು, ಭಾನುವಾರ ಪಾದ್ರಿ ಉಪದೇಶ ಶುರು ಮಾಡುವಾಗ ಬೆಂಚಿನುದ್ದಕ್ಕೂ ದಾಟಿಸುವಂತೆ, ಮುಖ ನೋಡದೆ. ಅವನೂ ಮುಖ ನೋಡದೆ ತೆಗೆದುಕೊಂಡ. ಬಾಯಲ್ಲಿ ಅದು ಇರುವವರೆಗೆ ಮಾತಾಡಬೇಕಿಲ್ಲ ಎನ್ನುವುದು ಈ ಊರ ಒಪ್ಪಂದ. ಅವನು ಕಚ್ಚದೆ, ಚೀಪದೆ, ಕೆನ್ನೆಯ ಮೂಲೆಯಲ್ಲಿ ಇಟ್ಟುಕೊಂಡ.

ಆದರೆ ಹೇಳದೇ ಇರುವ ಹಾಗೂ ಇರಲಿಲ್ಲ. ಕೊಟ್ಟಾದ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ಮಗುವಿನ ಹೆಸರಿಗೆ ಬಿದ್ದದ್ದು ಮಗುವಿನದೇ. ಟೆಸ್ಸಾ ದೊಡ್ಡವಳಾಗಿ, ಅಪ್ಪ, ನೀನು ಊರಿಗೆಲ್ಲ ಬುದ್ಧಿ ಹೇಳುವವನು, ಅಜ್ಜಿಗೆ ಯಾಕೆ ಹೇಳಲಿಲ್ಲ ಎಂದರೆ? ಇದೊಂದೇ ವಿಷಯದಲ್ಲಿ ಅವನು ಮಗಳಿಗೆ ಉಪಯೋಗಕ್ಕೆ ಬರಬಹುದಾಗಿದ್ದವನು. ಹೇಳಿದರೆ ಅಮ್ಮನ ಕಣ್ಣಲ್ಲಿ ಅವಳ ಸಾವಿಗೆ ಕಾದು ಕೂತ ಮಗ. ಹೇಳದಿದ್ದರೆ ಮಗಳ ಕಣ್ಣಲ್ಲಿ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಅಪ್ಪ. ನಾನು ನಿನ್ನ ಸಾವಿಗೆ ಕಾಯುತ್ತಿಲ್ಲ ಎಂಬ ಸರಳವಾದ ವಾಕ್ಯವೊಂದು ಇತ್ತಲ್ಲ. ಅದನ್ನು ಹೇಳಿಬಿಟ್ಟರೆ? ಕಾಯುತ್ತಿಲ್ಲ ಎಂದು ಹೇಳುವವರು ಯಾರು, ಕಾಯುತ್ತಿರುವವರೇ ಅಲ್ಲವೇ? ಥೂ ಎನ್ನಿಸಿತು. ಕಾರು ನಿಲ್ಲಿಸುವಾಗ ಗೆರೆಯ ಮೇಲೆ ವಾರೆಯಾಗಿ ನಿಲ್ಲಿಸಿದ. ಅಮ್ಮ ಬಾಗಿಲು ತೆರೆದು ಗೆರೆ ನೋಡಿ, ನಿನ್ನ ಕೈಲಿ ಆಗದ್ದು ಇದೊಂದಾದರೂ ಇದೆಯಲ್ಲ ಎಂದಳು.

ಷೇರಿನ ಆಫೀಸು ಬೆಚ್ಚಗಿತ್ತು. ಯೆಸೇನಿಯಾ ಬರೇರಾ ಎಂಬ ಮೂವತ್ತರ ಹೆಂಗಸು ಅವರನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ, ಅಮ್ಮನಿಗೆ ಕುರ್ಚಿ ಎಳೆದುಕೊಟ್ಟು, ನೀರು ತಂದಿಟ್ಟಳು. ಅವಳ ಅಜ್ಜ ಅಜ್ಜಿ ಟೆಕ್ಸಸ್ಸಿನಿಂದ ಬ್ಲೂಬೆರಿ ಕೀಳಲು ಬಂದು ಇಲ್ಲೇ ನಿಂತವರಂತೆ. ಎರಡು ನಿಮಿಷದಲ್ಲಿ ಅಮ್ಮ ಅದನ್ನು ಅವಳ ಬಾಯಿಂದ ಹೊರಡಿಸಿ, ಅಜ್ಜಿ ಇದ್ದಾರಾ ಎಂದು ಕೇಳಿ, ಇದ್ದಾರೆ, ತೊಂಬತ್ತಾದರೂ ದಿನಾ ನನ್ನನ್ನು ಬಯ್ಯುತ್ತಾರೆ ಎಂದು ಅವಳಿಂದ ಹೇಳಿಸಿ, ಇಬ್ಬರೂ ಸೇರಿ ನಕ್ಕಾಗಿತ್ತು. ಗೆರಿಟ್ ತನ್ನ ಟೋಪಿಯನ್ನು ಎಲ್ಲಿ ಇಡುವುದೆಂದು ನೋಡುತ್ತಿದ್ದ. ಕೆಲಸ ಸಣ್ಣದು ಎಂದಳು ಯೆಸೇನಿಯಾ. ಅಜ್ಜಿಯ ಖಾತೆಯಿಂದ ಮೊಮ್ಮಗಳ ಖಾತೆಗೆ ಷೇರು ದಾಟುತ್ತದೆ; ಹುಡುಗಿ ಪ್ರಾಯಕ್ಕೆ ಬರುವವರೆಗೆ ದೊಡ್ಡವರೊಬ್ಬರು ಅದನ್ನು ನೋಡಿಕೊಳ್ಳುತ್ತಾರೆ, ಅವಳ ಒಳ್ಳೆಯದಕ್ಕೆ ಎಂದಾದರೆ ಖರ್ಚೂ ಮಾಡಬಹುದು. ಗೆರಿಟ್ ಪೆಪ್ಪರ್‌ಮಿಂಟನ್ನು ನುಂಗಿಬಿಟ್ಟ. ಅದು ಇಳಿಯುವಾಗ ಎದೆ ಉರಿಯಿತು.

"ಒಂದು ನಿಮಿಷ," ಎಂದ. "ಹೀಗೆ ಕೊಟ್ರೆ ಹಳೇ ಬೆಲೆನೇ ಮಗೂಗೂ ಹೋಗತ್ತೆ. ಬೇರೆ ಥರ ಹೋದ್ರೆ ಆ ತೆರಿಗೆ ಇರಲ್ಲ. ಅಮ್ಮಂಗೆ ಗೊತ್ತಿರಲಿ ಅಂತ."

ಯೆಸೇನಿಯಾ ಪರದೆಯ ಕಡೆ ತಿರುಗಿದಳು. ತೆರಿಗೆಯ ಬಗ್ಗೆ ನಾವು ಸಲಹೆ ಕೊಡುವಂತಿಲ್ಲ ಎಂದು ಮೆಲ್ಲಗೆ ಹೇಳಿದಳು. ಅವಳ ಕಿವಿ ಕೆಂಪಾಗಿತ್ತು. ಅಂದರೆ ಅವಳಿಗೆ ಗೊತ್ತು. ದಿನಾ ಈ ಕುರ್ಚಿಯಲ್ಲಿ ಮಕ್ಕಳು ಕೂತು ಇದನ್ನೇ ಬೇರೆ ಬೇರೆ ನಯದಲ್ಲಿ ಹೇಳುತ್ತಿರಬೇಕು.

"ಬೇರೆ ಥರ ಅಂದ್ರೆ ಯಾವ ಥರ?" ಎಂದಳು ಅಮ್ಮ.

"ಉಯಿಲಲ್ಲಿ."

"ಓ." ಅವಳು ನೀರು ಕುಡಿದು ಲೋಟ ಇಟ್ಟಳು. "ಉಯಿಲಿಗೆ ಒಂದು ಕೆಲಸ ಬಾಕಿ ಇರತ್ತಲ್ಲೋ ಮೊದಲು."

ಯೆಸೇನಿಯಾ ಕೆಮ್ಮಿದಳು, ನಗು ಬಂದು ಅದುಮಿಕೊಂಡದ್ದಿರಬೇಕು. ಗೆರಿಟನಿಗೆ ಬೆವರಿತು. ನಾನು ಹಾಗಲ್ಲ ಹೇಳಿದ್ದು ಎಂದ, ಹಾಗೇ ಹೇಳಿದ್ದ. ಲೈಬ್ರರಿಯ ಮೇಜಿನಲ್ಲಿ ತನ್ನ ಕಣ್ಣು ಮಿಟುಕುತ್ತಿದ್ದದ್ದು ನೆನಪಾಗಿ, ಆ ಮಿಟುಕು ಈಗ ಬಂದಿದ್ದರೆ ಬಚಾವಾಗುತ್ತಿದ್ದೆ ಅನ್ನಿಸಿತು. ಮುಖದ ಮಾಂಸ ಒಂದೂ ಮಾತು ಕೇಳಲಿಲ್ಲ. ಲಾಭದ ಪಾಲು ದೊಡ್ಡದು, ಮಾರಿದ ವರ್ಷ ಹುಡುಗಿಗೆ ಅಪ್ಪ ಅಮ್ಮಂದಿರ ದರದಲ್ಲೇ ತೆರಿಗೆ ಬೀಳಬಹುದು, ಕಾಲೇಜಿಗೆ ಸಹಾಯಧನ ಕೇಳುವಾಗ ಇದನ್ನೂ ಅವಳ ಆಸ್ತಿ ಎಂದು ಹಿಡಿಯುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿಕೊಂಡು ಹೋದ. ಹೇಳುತ್ತಾ ಹೇಳುತ್ತಾ ತನ್ನ ಧ್ವನಿ ಸಂಬಳದ ವಿಭಾಗದ ಧ್ವನಿಯಾದದ್ದು ಅವನಿಗೇ ಕೇಳಿಸಿತು. ಪ್ರತಿ ಮಾತೂ ನಿಜ. ಇಷ್ಟು ನಿಜ ಹೇಳಿ ಇಷ್ಟು ಅಸಹ್ಯವಾಗಿ ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡು, ತೆರಿಗೆ ಕಟ್ಟಲಿ ಬಿಡು, ನಮ್ಮ ವಸತಿಯ ಮುಂದಿನ ರಸ್ತೆಯಲ್ಲಿ ಗುಂಡಿ ಬಿದ್ದಿದೆ ಎಂದಳು.

ಖಾತೆ ನೋಡಿಕೊಳ್ಳುವವರು ಯಾರು ಎಂದು ಯೆಸೇನಿಯಾ ಕೇಳಿದಳು. ಗೆರಿಟ್ ಗುರುತಿಗೆಂದು ತನ್ನ ಚಾಲಕ ಪರವಾನಗಿ ತೆಗೆಯಲು ಹಿಂಜೇಬಿಗೆ ಕೈ ಹಾಕಿದ. ಇದೊಂದು ಅವನ ಪಾಲಿಗೆ ಉಳಿದಿತ್ತು: ಸೋತರೂ ಷೇರನ್ನು ಕಾಯುವವನು ತಾನೇ, ಕೆಡದಂತೆ ನೋಡಿಕೊಂಡು ಮಗಳ ಕೈಗಿಟ್ಟು, ತಗೋ ಎನ್ನುವ ದಿನ ಒಂದು ಬರುತ್ತದೆ. ಅಮ್ಮ ಕೈಚೀಲ ತೆರೆದು ಮಡಿಸಿದ ಚೀಟಿಯೊಂದನ್ನು ಮೇಜಿನ ಮೇಲೆ ಸರಿಸಿದಳು. ಖಾತೆ ತೆರೆದಾಗಿದೆ ಎಂದಳು, ಹೋದ ವಾರ ರೋಸ್ಲಿನ್ ತೆರೆದಳು, ನೋಡಿಕೊಳ್ಳುವವಳೂ ಅವಳೇ. ಯೆಸೇನಿಯಾ ಸಂಖ್ಯೆ ಒತ್ತಿ, ಹೌದು, ಇಲ್ಲಿದೆ ಎಂದಳು. ಗೆರಿಟನ ಕೈ ಜೇಬಿನಲ್ಲೇ ಇತ್ತು. ತೆಗೆದರೆ ಯಾಕೆ ಹಾಕಿದ್ದ ಎಂದು ತಿಳಿಯುತ್ತದೆ, ತೆಗೆಯದಿದ್ದರೆ ಹಿಂಭಾಗ ಕೆರೆದುಕೊಳ್ಳುತ್ತಿರುವವನ ಹಾಗೆ ಕಾಣುತ್ತದೆ. ಹೋದ ವಾರ. ಅಂದರೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ಶನಿವಾರ ಟೆಸ್ಸಾಳನ್ನು ಬಿಡಲು ಬಂದ ರೋಸ್ಲಿನ್ ಬಾಗಿಲಲ್ಲಿ ನಿಂತು, ಚಳಿ ಜಾಸ್ತಿ ಆಯ್ತಲ್ವಾ ಎಂದವಳು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಂದಿದ್ದಾಳೆ. ಡ್ರೈವರ್ ಎಂದದ್ದು ತಮಾಷೆಗಲ್ಲ.

ಯಾಕೆ ಎಂದು ಅವನು ಕೇಳಿದ. ಕೇಳಬಾರದಿತ್ತು, ಹೊರಗಿನವರ ಎದುರಿಗೆ.

"ಮಗೂಗೆ ಬಾರಿಸೋಕೆ ಸ್ವಂತ ಚೆಲೋ ಬೇಕಂತೆ, ಆ ದೊಡ್ಡ ಪಿಟೀಲು," ಎಂದಳು ಅಮ್ಮ. "ನಿನ್ನ ಕೇಳಿದಳಂತಲ್ಲ."

"ಬೆಳೆಯೋ ಹುಡುಗಿ ಅಮ್ಮ. ಎರಡು ವರ್ಷಕ್ಕೆ ಸಣ್ಣದಾಗತ್ತೆ. ಬಾಡಿಗೆದೇ ಸಾಕು ಅಂದೆ."

"ಸರಿಯಾಗೇ ಅಂದಿದೀಯ. ನೀನು ಅನ್ನೋದೆಲ್ಲ ಸರಿಯಾಗೇ ಇರತ್ತೆ ಕಣೋ. ದುಡ್ಡು ರೋಸ್ಲಿನ್ ಕೈಲಿದ್ರೆ ಮಗು ಈ ಕ್ರಿಸ್‌ಮಸ್ಸಿಗೆ ಬಾರಿಸತ್ತೆ, ನಾನು ಕೇಳ್ತೀನಿ."

ಅಮ್ಮ ಸಹಿ ಹಾಕಿದಳು. ಹೆಸ್ಸಲಿಂಕಿನ ಕೊನೆಯ ಅಕ್ಷರಗಳು ಗೆರೆಯಿಂದ ಜಾರಿದವು. ಅಷ್ಟೇ, ಯೆಸೇನಿಯಾ ಗುಂಡಿ ಒತ್ತಿದಳು, ನಾಳೆ ಸಂಜೆಯೊಳಗೆ ದಾಟುತ್ತದೆ ಎಂದಳು. ಅಮ್ಮನಿಗೆ ಕೋಟು ತೊಡಿಸಲು ಅವಳೇ ಎದ್ದು ಬಂದಳು, ಗೆರಿಟ್ ಹಿಂದೆ ಉಳಿದ. ಬಾಗಿಲ ಹತ್ತಿರ ಅವಳು ಅವನ ಟೋಪಿಯನ್ನು ಮೇಜಿನಿಂದ ತಂದು ಕೊಟ್ಟು, ಹುಷಾರಾಗಿ ಹೋಗಿ ಬನ್ನಿ ಸರ್ ಎಂದಾಗ ಆ ದನಿಯಲ್ಲಿ ಕನಿಕರ ಇತ್ತು. ಅದಕ್ಕಿಂತ ಬಯ್ದಿದ್ದರೆ ವಾಸಿಯಿತ್ತು.

ಕಾರಿನಲ್ಲಿ ಕೂತ ಮೇಲೆ ಅವನು ಸ್ಟಾರ್ಟ್ ಮಾಡಲಿಲ್ಲ. ಕೈ ಸ್ಟೀರಿಂಗಿನ ಮೇಲಿತ್ತು. ಎದುರಿನ ಬೇಕರಿಯಿಂದ ಯಾರೋ ಬಾದಾಮಿ ರೊಟ್ಟಿಯ ಉದ್ದನೆಯ ಪೊಟ್ಟಣ ಹಿಡಿದು ಹೊರಬಂದು, ಗಾಳಿಗೆ ಹಿಮ್ಮುಖವಾಗಿ ನಡೆದರು. ಸೋತೆ ಎಂಬ ಸಿಟ್ಟೂ ಬರುತ್ತಿರಲಿಲ್ಲ, ಬರೀ ದಣಿವು; ಊರಿಗೆಲ್ಲ ಉಳಿಸಿಕೊಟ್ಟು ಉಳಿಸಿಕೊಟ್ಟು ಬಂದ ದಣಿವು. ಈಗ ಹೇಳಬೇಕು ಅನ್ನಿಸಿತು. ಯಾರೂ ಇಲ್ಲ, ಲೆಕ್ಕವೂ ಮುಗಿಯಿತು, ಈಗ ಹೇಳಿದರೆ ಯಾವ ಲಾಭಕ್ಕೂ ಅಲ್ಲ.

"ಅಮ್ಮ, ನೀನು ಇರಬೇಕು ಅಂತಲೇ ನನಗೆ," ಎಂದ. "ಕಾಯೋಣ ಅಂದಿದ್ದು ಅದಕ್ಕಲ್ಲ."

ಅವಳು ಸೀಟ್ ಬೆಲ್ಟಿನ ಕೊಂಡಿ ಹುಡುಕುತ್ತಿದ್ದಳು. ಸಿಕ್ಕಿತು, ಹಾಕಿಕೊಂಡಳು.

"ಗೊತ್ತು ಕಣೋ. ನೀನು ಕೆಟ್ಟವನಲ್ಲ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಅಪ್ಪ ಹೋದಾಗ ನಿನಗೆ ನೆನಪಿದೆಯಾ? ಮಣ್ಣು ಮಾಡಿ ಬಂದ್ವಿ. ಚರ್ಚಿನ ಹೆಂಗಸರು ಹ್ಯಾಮ್ ಬನ್ ಇಟ್ಟಿದ್ರು. ನೀನು ಅಪ್ಪನ ಪೇಪರೆಲ್ಲ ತಗೊಂಡು ಒಳಗೆ ಹೋದೆ. ಆಮೇಲೆ ಓಡಿ ಬಂದೆ. ಅಮ್ಮಾ, ಅಪ್ಪನ ಷೇರಿಗೆ ಒಂದು ಡಾಲರೂ ತೆರಿಗೆ ಬೀಳಲ್ಲ, ಎಲ್ಲ ತೊಳೆದುಹೋಯ್ತು ಅಂದೆ. ನಿನ್ನ ಮುಖ ಏನು ಅರಳಿತ್ತು ಅಂತೀಯ. ಸಣ್ಣವನಿದ್ದಾಗ ಪರೀಕ್ಷೆಯಲ್ಲಿ ಪೂರ್ತಿ ಅಂಕ ತಂದ ದಿನದ ಹಾಗೆ. ನನಗೆ ಸಿಟ್ಟು ಬರಲಿಲ್ಲ. ಬನ್ನು ತಿಂತಾ ಇದ್ದೆ, ನುಂಗೋಕಾಗಲಿಲ್ಲ, ಅಷ್ಟೇ."

ಗೆರಿಟನಿಗೆ ಆ ದಿನ ನೆನಪಿತ್ತು. ಕೋಟಿನ ಗುಂಡಿ ಕಿತ್ತುಬಂದದ್ದು, ಪಾದ್ರಿಗೆ ನೆಗಡಿಯಾಗಿದ್ದದ್ದು, ಯಾರೋ ಕಾಫಿ ಚೆಲ್ಲಿದ್ದು, ಎಲ್ಲ ನೆನಪಿತ್ತು. ಓಡಿ ಬಂದದ್ದು ಮಾತ್ರ ಇರಲಿಲ್ಲ. ತನ್ನ ಮುಖ ಅರಳಿದ್ದು ತನಗೆ ಹೇಗೆ ಕಾಣಬೇಕು? ಅವತ್ತು ತಾನು ಅತ್ತಿದ್ದೆನಾ ಎಂದು ಹುಡುಕಿದ. ಅಪ್ಪನ ಪೆಟ್ಟಿಗೆ ಇಳಿಯುವಾಗ, ಮನೆಗೆ ಬಂದ ಮೇಲೆ, ಅದಾದ ವಾರ, ಆ ವರ್ಷ. ಹುಡುಕಿದಷ್ಟೂ ಕಾಗದಗಳೇ ಸಿಕ್ಕಿದವು.

"ನಾನು ಹೋದಾಗ ನಿನಗೆ ಖುಷಿಪಡೋಕೆ ಏನೂ ಸಿಗಬಾರದು ಅಂತ ಇಷ್ಟೆಲ್ಲ ಮಾಡಿದ್ದು," ಎಂದಳು ಅಮ್ಮ. "ಪೇಪರ್ ಇರಬಾರದು, ಉಳಿತಾಯ ಇರಬಾರದು. ಸುಮ್ಮನೆ ಕೂತು ಅಳು. ನನಗೋಸ್ಕರ ಅಲ್ಲ, ನಿನಗೆ ಅಭ್ಯಾಸ ಇಲ್ಲ, ಅದಕ್ಕೆ."

ಅವನು ಕನ್ನಡಕ ತೆಗೆದ. ಅಂಗೈಯಿಂದ ಕಣ್ಣು ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಅದು ನಿಲ್ಲಲಿಲ್ಲ; ಹೆಗಲು ಕುಲುಕತೊಡಗಿತು. ಅಮ್ಮ ಊದಿದ ಕೈಯನ್ನು ಅವನ ಮೊಣಕೈ ಮೇಲೆ ಇಟ್ಟಳು.

"ಈಗಲ್ಲ ಕಣೋ," ಎಂದಳು. "ಈಗ ಗಾಡಿ ಓಡಿಸು."